ಬಾಜೂ ಮನಿ ಒಲಿ ಹೊಗಿ ನಮ್ಮ ಮಗನ ಖೋಲ್ಯಾಗ

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ದು ವಿಜಯಪುರ. ಬಾಜೂ ಮನಿ ಕಾಕು ಖಡಕ್ ರೊಟ್ಟಿ ಮಾಡಿ ಮಾರ್ತಾರ, ನಸುಕಿನ್ಯಾಗ 4 ಗಂಟೇಕ್ಕ ಕಟಗಿ ಒಲಿ ಹಚ್ತಾರ, ಹೊಗಿ ಸೀದಾ ನಮ್ಮ ಮ್ಯಾಲಿನ ಖೋಲಿಗಿ ಬರ್ತದ. ಎರಡ ವರ್ಷದ ಹಿಂದ ಆ ಖೋಲಿ ಕಟ್ಟಸೀವಿ, ಅದಕ್ಕ ಮೊದ್ಲ ಈ ತ್ರಾಸ ಇರ್ಲಿಲ್ಲ. ಮಗಗ 6 ವರ್ಷ, ದಮ್ಮ ಅದ, ಥಂಡಿಯಾಗ ಪಂಪ್ (ಇನ್‌ಹೇಲರ್) ಕೊಡಬೇಕಾಗ್ತದ. ಕಿಡಕಿ ಹಾಕಿ, ಹಸಿ ಟಾವೆಲ್ ಕಟ್ಟಿ, ಬಾತ್‌ರೂಮ್ ಎಕ್ಸಾಸ್ಟ್ ಫ್ಯಾನ್ ಹಚ್ಚಿ ಮಲಗತೀವಿ, ಆದ್ರೂ ವಾಸನಿ ಬರ್ತದ. ನಮ್ಮನಿಯವ್ರು ಕಂಪ್ಲೇಂಟ್ ಕೊಡೂಣು ಅಂತಾರ, ಆದ್ರ ಆ ಕಾಕು ನನ್ನ ಬಾಣಂತನದಾಗ ದಿನಾ ನೀರ ಕಾಸಿ ಹಾಕಿದಾಕಿ. ಏನ ಮಾಡ್ಲಿ?

ಉತ್ತರ: ತಂಗಿ, ಮೊದ್ಲ ಇವತ್ತ ರಾತ್ರಿನ ಆ ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡವಾ. ಅದು ಒಳಗಿನ ಗಾಳಿ ಹೊರಗ ದಬ್ಬಿದಷ್ಟೂ ಕಿಡಕಿ ಸಂದಿ, ಬಾಗಲ ಕೆಳಗಿಂದ ಅಷ್ಟ ಗಾಳಿ ಒಳಗ ಎಳಕೋತದ, ಹೊರಗ ಹೊಗಿ ನಿಂತಾಗ ಬರೂದೂ ಹೊಗಿನ. ಹಸಿ ಟಾವೆಲ್ ಬೂದಿ ಹಿಡೀತದ ಅಷ್ಟ, ಹುಡುಗನ ಎದಿಗೆ ಇಳಿಯೂದು ಪಿಎಂ 2.5 ಅನ್ನೂ ಕಣ, ತಲಿಕೂದಲಿಗಿಂತ ಇಪ್ಪತ್ತ ಪಟ್ಟರ ಸಣ್ಣ ಇರ್ತಾವ, ಅವಕ್ಕ ಟಾವೆಲ್ ಏನೂ ಅಲ್ಲ. ಸಂದಿಗೆ ಫೋಮ್ ಪಟ್ಟಿ ಬಡೀರಿ, ಸಾಧ್ಯ ಆದ್ರ ಹೆಪಾ ಫಿಲ್ಟರಿನ, ಅಂದ್ರ ಇಂಥಾ ಸಣ್ಣ ಕಣಾನೂ ಹಿಡಿಯೂ ಜಾಳಿಗಿ ಇರೂ ಏರ್ ಪ್ಯೂರಿಫೈಯರ್ ಇಡ್ರಿ. ಈ ತ್ರಾಸ ಮುಗಿಯೂತನ ಹುಡುಗನ ಹಾಸಿಗಿ ಕೆಳಗಿನ ಮನ್ಯಾಗ, ಕಾಕುನ ಒಲಿ ಇಲ್ಲದ ಬಾಜೂಕ ಒಯ್ದ ಹಾಕ.

ಈಗ ಮೂಲಕ್ಕ ಬರೂಣು. ಖೋಲಿ ಕಟ್ಟಿಸಿದ ಮ್ಯಾಲ ತ್ರಾಸ ಶುರು ಆತು ಅಂತ ನೀನ ಬರದೀ, ಅಂದ್ರ ಕಾಕುನ ಒಲಿ ಹೊಗಿ ಹೋಗೂ ಪೈಪಿನ ಬಾಯಿ ಈಗ ನಿಮ್ಮ ಕಿಡಕಿ ಎದುರಿಗೆ ಬಂದದ, ಗ್ವಾಡಿಗೆ ಬಡದ ಗಾಳಿ ಹೊಗಿನ ಕೆಳಗ ಒತ್ತತದ. ಆ ಪೈಪು ನಿಮ್ಮ ಮ್ಯಾಲಿನ ಮಾಳಗಿಗಿಂತ ಎರಡ ಮೂರ ಫೂಟ ಎತ್ತರ ಹೋಗಬೇಕು, ನಡಕ ಬಾಗು ಇಲ್ದ ನೆಟ್ಟಗ, ತುದಿ ಟೊಪಗಿ ಬಾಯಿ ಮುಚ್ಚೂವಂಗ ಇರಬಾರದು, ಒಳಗಿನ ಮಸಿ ತಿಂಗಳಿಗೊಮ್ಮೆ ಬಳೀಬೇಕು. ಖರ್ಚು ನೀವ ಹಾಕ್ರಿ, ಖೋಲಿ ಏರಿಸಿದವ್ರು ನೀವ ಅಲ್ಲಾ, ನನಗ ಇದ ನ್ಯಾಯ ಅನಸ್ತದ.

ಇನ್ನ ಹೊತ್ತು. ಥಂಡಿಗಾಲದ ನಸುಕಿನ್ಯಾಗ ನೆಲದ ಹಂತೇಕ ತಣ್ಣನ ಗಾಳಿ, ಮ್ಯಾಲ ಬೆಚ್ಚನ ಗಾಳಿ ಇರ್ತದ, ಹೊಗಿ ಏರಲಾರದ ಓಣ್ಯಾಗ ಚಾದರ ಹೊಚ್ಚಿದಂಗ ನಿಲ್ತದ, ಬಿಸಲ ಬಿದ್ದ ಮ್ಯಾಲನ ಅದು ಹರೀತದ. ಬಿಸಿ ರೊಟ್ಟಿ ಆರ್ಡರ್ ಇದ್ರ ಕಾಕುಗ ಉಪಾಯಿಲ್ಲ, ಆದ್ರ ಖಡಕ್ ರೊಟ್ಟಿ, ಸಂಕ್ರಾಂತಿ ಎಳ್ಳಹಚ್ಚಿದ ಸಜ್ಜಿ ರೊಟ್ಟಿ ವಾರಗಟ್ಲೆ ಇಟ್ರೂ ಏನೂ ಆಗೂದಿಲ್ಲ, ಅವನ್ನ ಒಂಬತ್ತರ ಮ್ಯಾಲ ಬಡದ್ರ ಆತಲ್ಲ.

ಕಟಗೀನೂ ನೋಡ. ಜಾಲಿ ಕಟಗಿ ಒಂದ ತುದಿ ಉರೀತಿರಬೇಕಾದ್ರ ಇನ್ನೊಂದ ತುದ್ಯಾಗ ನೊರಿ ಬಂದು ಚುಂಯ್ ಅಂದ್ರ ಅದು ಹಸಿ, ಹೊಗಿ ಅದರದ. ಸೀಳಿ, ಮಳಿ ಬೀಳದಲ್ಲಿ ಆರ ತಿಂಗಳ ಒಣಗಿಸಿದ್ದು ಹಾಕ್ಬೇಕು. ಒಲಿ ಹೊತ್ತಸಾಕ ಹಾಲಿನ ಪಾಕೀಟ, ಸಿಮೆಂಟ್ ಚೀಲ ಹಾಕೂದಂತೂ ಬ್ಯಾಡೇ ಬ್ಯಾಡ ಅನ್ನು.

ಕಾನೂನು ಇಲ್ಲ ಅಂತಲ್ಲ. ಪಾಲಿಕೆ ಆರೋಗ್ಯ ವಿಭಾಗಕ್ಕ ಬರದ ಕೊಡಬಹುದು, ಓಣಿ ಮಂದಿಗೆಲ್ಲಾ ತ್ರಾಸ ಇದ್ರ ಜುಲೈ 2024ರಿಂದ ಬಂದ ಹೊಸ ಫೌಜದಾರಿ ಕಾಯ್ದೆ ಬಿಎನ್‌ಎಸ್‌ಎಸ್ 152ನೇ ಕಲಂ ಕೆಳಗ ಮ್ಯಾಜಿಸ್ಟ್ರೇಟರು ನಿಲ್ಲಸಂತ ಆರ್ಡರ್ ಮಾಡಬಹುದು. ನಾನಾದ್ರ ಇದನ್ನ ಕಡೀಕ ಇಡ್ತೀನಿ. ಆ ಹೊಗಿ ಎಲ್ಲಾರಿಗಿಂತ ಹೆಚ್ಚ ಕುಡಿಯಾಕಿ ಕಾಕುನ, ದಿನಾ ಒಲಿ ಮುಂದ ಕುಂತಾಕಿಗೆ ಕೆಮ್ಮ ಅದನ ಕೇಳಿ ಏನು? ಒಂದ ನಸುಕಿನ್ಯಾಗ ಆಕಿನ್ನ ಮ್ಯಾಲಿನ ಖೋಲಿಗೆ ಕರಕೊಂಡ ಬಂದು ಕಿಡಕಿ ಹಂತೇಕ ನಿಲ್ಲಸ. ತನ್ನ ಹೊಗಿ ಎಲ್ಲಿಗ ಬರ್ತದಂತ ಕೆಳಗ ಕುಂತ ಆಕಿಗೆ ಕಂಡಿರ್ಲಿಕ್ಕಿಲ್ಲ.

ಮತ್ತ ವಾರದಾಗ ಎಷ್ಟ ಸಲ ಪಂಪ್ ಕೊಟ್ಟಿ, ಎಷ್ಟೊತ್ತಿಗೆ ಕೊಟ್ಟಿ ಕ್ಯಾಲೆಂಡರ್ ಮ್ಯಾಲ ಗೀಟ ಹಾಕಿಡು, ಅದನ್ನ ಹಿಡಕೊಂಡ ಇದ ವಾರ ಡಾಕ್ಟರ ಹಂತೇಕ ಹೋಗು.