ಎಲಾಸ್ಟಿಕಾದ ಮೊದಲ ಆಲ್ಬಮ್ ಬಗ್ಗೆ ನಿಮ್ಮ ಪ್ರಶ್ನೆಗೆ

ಬ್ರಿಟಿಷ್ ರಾಕ್ ಬ್ಯಾಂಡ್ ಎಲಾಸ್ಟಿಕಾದ ‘ಕನೆಕ್ಷನ್’ ಹಾಡು ಹಿಡಿಸಿತು, ಆದರೆ ಅದು ಕದ್ದ ಟ್ಯೂನ್ ಅಂತ ಗೆಳೆಯ ಹೇಳಿದ, ಪೂರ್ತಿ ಆಲ್ಬಮ್ ಕೇಳಬೇಕಾ ಅಂತ ಕೇಳಿದ್ದೀರಿ. ಖಂಡಿತ ಕೇಳಿ.

ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಆ ಹಾಡಿನ ಶುರುವಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರದ ತುಣುಕು, ವೈರ್ ಬ್ಯಾಂಡಿನ 1977ರ ‘ತ್ರೀ ಗರ್ಲ್ ರುಂಬಾ’ದ್ದೇ. ಇದೇ ಆಲ್ಬಮ್‌ನ ‘ವೇಕಿಂಗ್ ಅಪ್’ ಕೇಳಿದರೆ ಸ್ಟ್ರ್ಯಾಂಗ್ಲರ್ಸ್ ಬ್ಯಾಂಡ್ ನೆನಪಾಗುತ್ತದೆ. ಎರಡೂ ತಕರಾರು ಕೋರ್ಟಿನ ಹೊರಗೇ ಇತ್ಯರ್ಥವಾದವು. ಆದರೆ ವೈರ್ ಹಾಡು ಒಂದೂವರೆ ನಿಮಿಷವೂ ಇಲ್ಲ, ಒಣ ಒಣ. ಎಲಾಸ್ಟಿಕಾ ಅದನ್ನೇ ಕುಣಿಯುವ ಹಾಡು ಮಾಡಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಬ್ಯಾಂಡಿನ ಹಾಡುಗಾರ್ತಿ ಜಸ್ಟೀನ್ ಫ್ರಿಷ್‌ಮನ್ ಬರೆಯುವ ರೀತಿ. ‘ಸ್ಟಟರ್’ನಲ್ಲಿ ಕುಡಿದು ಬಂದ ಗೆಳೆಯ ಹಾಸಿಗೆಯಲ್ಲಿ ಸೋಲುತ್ತಾನೆ. ಅದನ್ನು ಅವಳು ಅಳುತ್ತಾ ಹೇಳುವುದಿಲ್ಲ, ಕೂಗಾಡುವುದೂ ಇಲ್ಲ. ಹುಬ್ಬೇರಿಸಿ ನಕ್ಕ ಹಾಗೆ ಹಾಡುತ್ತಾಳೆ. ಗಿಟಾರ್ ಬ್ಯಾಂಡ್ ಅಂದರೆ ಗಂಡಸರ ಬಡಾಯಿ ಅನ್ನುವಂತಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಮಾತು, ಅಲ್ವಾ? ಡಾನಾ ಮ್ಯಾಥ್ಯೂಸ್ ಗಿಟಾರ್, ಆ್ಯನಿ ಹಾಲೆಂಡ್ ಬಾಸ್, ಜಸ್ಟಿನ್ ವೆಲ್ಚ್ ಡ್ರಮ್ಸ್. ಯಾರೂ ಸುಮ್ನೆ ಒಂದು ಸ್ವರ ಜಾಸ್ತಿ ನುಡಿಸುವುದಿಲ್ಲ.

1995ರ ಮಾರ್ಚ್‌ನಲ್ಲಿ ಬಂದ ಈ ಆಲ್ಬಮ್ ಬ್ರಿಟನ್ನಿನಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. ಪೂರ್ತಿ ಸೇರಿ ಸುಮಾರು 40 ನಿಮಿಷ ಅಷ್ಟೇ. ಬಿಡಿ ಹಾಡು ಆರಿಸಬೇಡಿ, ಒಂದೇ ಉಸಿರಿಗೆ ಕೇಳಿ. ‘ನೆವರ್ ಹಿಯರ್’ ಬಂದಾಗ ಮಾತ್ರ ಸ್ವಲ್ಪ ನಿಲ್ಲಿ. ಮುಗಿದ ಸಂಬಂಧದ ಹಾಡು ಅದು, ಅಲ್ಲಿ ಅವಳು ನಗುವುದಿಲ್ಲ.