ಹರಿದ ಕೈಟನ್ನು ಟೈಲರ್ ಹತ್ತಿರ ಹೊಲಿಸಬಹುದಾ?

ಕೈಟ್‌ಸರ್ಫಿಂಗ್ ಕೈಟ್, ಅಂದರೆ ಹಲಗೆ ಮೇಲೆ ನಿಂತವರನ್ನು ನೀರಿನ ಮೇಲೆ ಎಳೆದೊಯ್ಯುವ ದೊಡ್ಡ ಗಾಳಿಪಟ, 40 ಸೆಂಟಿಮೀಟರ್ ಹರಿದಿದೆ, ಬೆಂಗಳೂರಿನ ಒಳ್ಳೆ ಟೈಲರ್ ಸಾಕಾ ಇಲ್ಲಾ ಯುರೋಪಿಗೆ ಕಳಿಸಬೇಕಾ, ಯಾವುದು ಅಗ್ಗ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ, ಆದರೆ ಯಾರಾದರೂ ಉತ್ತರ ಕೊಡುವಷ್ಟು ಹೊತ್ತು ಕಾಯಲಿಲ್ಲ.

ನನ್ನದು 9 ಚದರ ಮೀಟರಿನ ಕೈಟ್, ಸೆಕೆಂಡ್ ಹ್ಯಾಂಡ್. ರಾಮೇಶ್ವರದಲ್ಲಿ ಜುಲೈ ತಿಂಗಳು, ದಕ್ಷಿಣದ ಗಾಳಿ ಜೋರಾಗಿತ್ತು. ನೀರಿನಲ್ಲಿ ಏನೂ ಆಗಲಿಲ್ಲ. ದಡಕ್ಕೆ ಬಂದು ಇಳಿಸುವಾಗ, ಹಿಡಿಯಲು ನಿಂತ ಹುಡುಗ ತಮಿಳಿನಲ್ಲಿ ಏನೋ ಕೂಗಿದ, "ಬಿಡು" ಅಂದನೋ "ಎಳಿ" ಅಂದನೋ ಗೊತ್ತಾಗದೆ ನಾನು ಎಳೆದೆ. ಕೈಟ್ ಹೋಗಿ ಮುಳ್ಳಿನ ಪೊದೆ ಮೇಲೆ ಕೂತಿತು. ನಾವು ಬಳ್ಳಾರಿ ಜಾಲಿ ಅಂತೀವಲ್ಲ, ಅದೇ. ರಾಮನಾಥಪುರ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಅದೇ ಗಿಡ. ಮೆಲ್ಲಗೆ ಬಿಡಿಸಿದ್ದರೆ ನಾಲ್ಕು ತೂತಿಗೆ ಮುಗಿಯುತ್ತಿತ್ತೇನೋ. ಗಾಳಿ ಮತ್ತೆ ಎತ್ತಿತು, ಪರ್ರ್ ಅಂತ ಸದ್ದಾಯಿತು. ಬಟ್ಟೆಯ ನಡುವಿನಿಂದ ಹಿಡಿದು ಮುಂದಿನ ಗಾಳಿ ಟ್ಯೂಬಿನ ಹೊಲಿಗೆವರೆಗೆ, ಹತ್ತಿರ ಹತ್ತಿರ ಎರಡು ಗೇಣು.

ಅದನ್ನು ಹಾಗೇ ಸುತ್ತಿ ಬೆಂಗಳೂರಿಗೆ ತಂದೆ. ಮನೆ ಹತ್ತಿರ ಕಾರ್ ಸೀಟ್ ಕವರ್ ಹೊಲಿಯುವ ಅಂಗಡಿ ಇತ್ತು. ದಪ್ಪ ಮೆಷಿನ್, ಒಳ್ಳೆ ಕೈ. ಇವನು ರೆಕ್ಸಿನ್ನೇ ಹೊಲಿಯುತ್ತಾನೆ, ಇದೇನು ಮಹಾ ಅಂದುಕೊಂಡೆ. ಅವನು ಒಂದೇ ಮಾತು ಕೇಳಿದ: "ಯಾವಾಗ ಬೇಕು ಸಾರ್?" 350 ರೂಪಾಯಿ. ಸಂಜೆಗೆ ರೆಡಿ.

ಇಲ್ಲಿ ನಿಲ್ಲಿ. ನಾನು ಮಾಡಿದ ತಪ್ಪು ಟೈಲರ್ ಹತ್ತಿರ ಹೋಗಿದ್ದಲ್ಲ. ಟ್ಯೂಬಿನೊಳಗಿನ ಗಾಳಿ ಚೀಲ, ಅಂದರೆ ಬ್ಲ್ಯಾಡರ್, ತೆಗೆಯದೆ ಕೊಟ್ಟಿದ್ದು.

ಮುಂದಿನ ಟ್ಯೂಬ್ ಇದೆಯಲ್ಲ, ಲೀಡಿಂಗ್ ಎಡ್ಜ್, ಅದರ ಹೊರಗಿನ ಬಟ್ಟೆ ಡಾಕ್ರಾನ್ ಅನ್ನುವ ಗಟ್ಟಿ ಪಾಲಿಯೆಸ್ಟರ್. ಗಾಳಿ ನಿಲ್ಲುವುದು ಆ ಬಟ್ಟೆಯಲ್ಲಲ್ಲ, ಒಳಗಿರುವ ತೆಳ್ಳನೆ ಪ್ಲಾಸ್ಟಿಕ್ ಚೀಲದಲ್ಲಿ. ಸೈಕಲ್ಲಿಗೆ ಟೈರು, ಟ್ಯೂಬು ಇದ್ದ ಹಾಗೆ. ಕೈಟ್ ನೀರಿಗೆ ಬಿದ್ದರೂ ತೇಲಿ ಮತ್ತೆ ಏಳುವುದು ಈ ಗಾಳಿ ಚೀಲದಿಂದಲೇ. ಫ್ರಾನ್ಸಿನ ಲೆಗೆನ್ಯೂ ಅಣ್ಣತಮ್ಮಂದಿರು 1984ರಲ್ಲಿ ಪೇಟೆಂಟ್ ಹಾಕಿದ್ದು ಇದಕ್ಕೇ. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆಯಲಿಲ್ಲ. ಯಾಕೆ? ಸೋಮಾರಿತನ. ತೆಗೆಯುವುದು 20 ನಿಮಿಷದ ಕೆಲಸ, ವಾಪಸ್ ಹಾಕುವಾಗ ಒಳಗೆ ತಿರುಚಿಕೊಂಡರೆ ಇಡೀ ಭಾನುವಾರ ಹೋಗುತ್ತದೆ ಅಂತ ಯಾರೋ ಹೆದರಿಸಿದ್ದರು. ಗಾಳಿ ಪೂರ್ತಿ ತೆಗೆದಿದ್ದೇನಲ್ಲ, ಚಪ್ಪಟೆಯಾಗಿದೆ, ಸೂಜಿಗೆ ಸಿಗಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆದದ್ದೇ ಉಲ್ಟಾ. ಗಾಳಿ ಇಲ್ಲದ ಬ್ಲ್ಯಾಡರ್ ಒಳಗೆ ಮಡಚಿಕೊಂಡು ಬಿದ್ದಿರುತ್ತದೆ. ಮಡಿಕೆಯ ಒಂದು ಅಂಚು ಟ್ಯೂಬಿನ ಹೊಲಿಗೆ ಹತ್ತಿರವೇ ಸೇರಿಕೊಂಡಿತ್ತು. ಅವನು ಹರಿದ ಬಟ್ಟೆಯನ್ನು ಹೊಲಿಯುತ್ತಾ ಬಂದ, ಬಟ್ಟೆ ಮುಗಿದಲ್ಲಿ ಗಟ್ಟಿಯಾಗಲಿ ಅಂತ ಇನ್ನೂ ನಾಲ್ಕು ಬೆರಳು ಟ್ಯೂಬಿನ ಮೇಲೂ ಓಡಿಸಿದ. ಕಾಳಜಿಯಿಂದಲೇ ಮಾಡಿದ್ದು ಪಾಪ. ಬ್ಲ್ಯಾಡರ್ ಅಂಚನ್ನು ಬಟ್ಟೆಗೆ ಸೇರಿಸಿ ಹೊಲಿದುಬಿಟ್ಟಿದ್ದ.

ಮುಂದಿನ ತಿಂಗಳು ಮತ್ತೆ 600 ಕಿಲೋಮೀಟರ್ ಹೋಗಿ, ದಡದಲ್ಲಿ ಬಿಡಿಸಿ ಪಂಪ್ ಹೊಡೆದೆ. ಮೊದಲು ಸಣ್ಣಗೆ ಸುಯ್ ಅಂದಿತು. ವಾಲ್ವ್ ಸಡಿಲ ಇರಬೇಕು ಅಂತ ಒತ್ತಿ ಇನ್ನೂ ಜೋರಾಗಿ ಹೊಡೆದೆ. ಬುದ್ಧಿ ನೋಡಿ. ಗಾಳಿ ತುಂಬಿದ ಹಾಗೆ ಬ್ಲ್ಯಾಡರ್ ಹಿಗ್ಗಬೇಕು, ಹೊಲಿಗೆ ಹಿಡಿದುಕೊಂಡಿದೆ. ಸೂಜಿ ತೂತುಗಳು ಸಾಲಾಗಿ ಒಂದಕ್ಕೊಂದು ಸೇರಿಕೊಂಡವು, ಅಂಚೆ ಚೀಟಿ ಹರಿದ ಹಾಗೆ ಸೀಳಿತು. ಒಳಗಿನಿಂದ ಎಳೆದು ನೋಡಿದರೆ ಒಂದು ಕಡೆ ಸೀಳು, ಸೀಳಿನ ತುದಿಯಲ್ಲಿ ಇನ್ನೂ ಹನ್ನೊಂದು ತೂತು ನೆಟ್ಟಗೆ ಸಾಲು ನಿಂತಿವೆ. ಅದಕ್ಕೆ ಪ್ಯಾಚ್ ನಿಲ್ಲಲ್ಲ. ಹೊಸ ಬ್ಲ್ಯಾಡರಿಗೆ 14 ಸಾವಿರ ತೆತ್ತೆ. ಅದು ಬರುವಷ್ಟರಲ್ಲಿ ಆ ವರ್ಷದ ಗಾಳಿಯೇ ಮುಗಿದಿತ್ತು.

ಅಲ್ಲಿನ ಕೈಟ್ ಶಾಲೆಯೊಂದರಲ್ಲಿ ರಿಪೇರಿ ಮಾಡುವ ಅಕ್ಕ ಒಬ್ಬರಿದ್ದರು. ಕೈಟನ್ನು ನಡುವಿಗೆ ಮಡಚಿ, ಎಡ ತುದಿ ಮೇಲೆ ಬಲ ತುದಿ ಇಟ್ಟು ತೋರಿಸಿದರು. ಒಂದು ಕಡೆ ಬೆರಳಗಲ ಗಿಡ್ಡ. ಸೀಟ್ ಕವರ್ ಅಣ್ಣ ಹರಿದ ಎರಡು ಅಂಚನ್ನೂ ಪ್ಯಾಂಟಿನ ಮಡಿಕೆ ಥರ ಒಂದರ ಮೇಲೊಂದು ಇಟ್ಟು ಹೊಲಿದಿದ್ದ. ಬ್ಲ್ಯಾಡರ್ ಉಳಿದಿದ್ದರೂ ಕೈಟ್ ಜೀವನಪೂರ್ತಿ ಒಂದೇ ಕಡೆಗೆ ಎಳೆಯುತ್ತಿತ್ತು.

ಅವರು ಮಾಡಿದ ರೀತಿ ನೋಡಬೇಕಿತ್ತು. ಮೊದಲು ಹಳೇ ಹೊಲಿಗೆ ಒಂದೊಂದೇ ಬಿಚ್ಚಿದರು. ತೂತು ಬಿದ್ದ ಬಟ್ಟೆ ಇಟ್ಟುಕೊಳ್ಳುವ ಹಾಗಿಲ್ಲ, ಮತ್ತೆ ಅಲ್ಲಿಂದಲೇ ಹರಿಯುತ್ತದೆ, ಹಾಗಾಗಿ ಎರಡು ಗೇಣಿನ ಸೀಳಿಗೆ ಹೊಲಿಗೆಯಿಂದ ಹೊಲಿಗೆವರೆಗೆ ಇಡೀ ಪಟ್ಟಿಯನ್ನೇ ಬದಲಿಸಬೇಕಾಯಿತು. ಸ್ಪಿರಿಟಿನಲ್ಲಿ ಅಂಚು ಒರೆಸಿದರು. ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ರಿಪ್‌ಸ್ಟಾಪ್ (ಸೀಳು ಹರಡದ ಹಾಗೆ ನಡುನಡುವೆ ದಪ್ಪ ನೂಲು ಹಾಕಿ ನೇಯ್ದ) ಬಟ್ಟೆಯಲ್ಲಿ ಕಾಣುವ ಸಣ್ಣ ಚೌಕದ ಗೆರೆಗಳಿಗೆ ಹೊಸ ಬಟ್ಟೆಯ ಗೆರೆ ಸರಿಯಾಗಿ ಕೂರುವ ತನಕ ಜರುಗಿಸಿದರು. ಎರಡೂ ಕಡೆ ಅಂಟು ಇರುವ ಟೇಪ್ ಹಾಕಿ ಮೊದಲು ಕೂರಿಸಿ, ಆಮೇಲೆ ಪಾಲಿಯೆಸ್ಟರ್ ದಾರದಲ್ಲಿ ಝಿಗ್‌ಝಾಗ್ ಹೊಲಿಗೆ. ಮಿಕ್ಕ ಅಂಚನ್ನು ಬಿಸಿ ಚಾಕುವಿನಲ್ಲಿ ಕತ್ತರಿಸಿದರು, ನೂಲು ಬಿಚ್ಚದ ಹಾಗೆ. ಹೊಲಿಯುವುದು ಅರ್ಧ ಗಂಟೆ, ಅದಕ್ಕೆ ಮುಂಚಿನದು ಅರ್ಧ ದಿನ.

ಅದಕ್ಕೇ ಹೇಳುವುದು, ಟೈಲರಾ ಯುರೋಪಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮೊದಲು ನಿಮ್ಮ ಬಟ್ಟೆಗೆ ಜೀವ ಇದೆಯಾ ನೋಡಿ. ಹರಿದ ಜಾಗದ ಪಕ್ಕ ಎರಡು ಹೆಬ್ಬೆರಳು ಇಟ್ಟು ಸ್ವಲ್ಪ ಒತ್ತಿ ಎಳೆಯಿರಿ. ಗರಿಗರಿ ಸದ್ದು ಮಾಡಿ ತಡೆದುಕೊಂಡರೆ ರಿಪೇರಿ ಮಾಡಿಸಿ. ಹಳೇ ಪಂಚೆ ಥರ ಮೆತ್ತಗಾಗಿ ಅಲ್ಲೇ ಹರಿದರೆ ಬಿಸಿಲಿಗೆ ಸತ್ತಿದೆ ಅಂತ ಅರ್ಥ, ಯಾರ ಕೈಗೆ ಕೊಟ್ಟರೂ ದುಡ್ಡು ದಂಡ. ಜೀವ ಇದ್ದರೂ ಹೊರದೇಶಕ್ಕೆ ಕಳಿಸುವುದನ್ನು ನಾನಂತೂ ಒಪ್ಪಲ್ಲ. ಹೋಗುವ ಖರ್ಚು, ಬರುವ ಖರ್ಚು, ನಮ್ಮದೇ ವಸ್ತು ವಾಪಸ್ ಬರುವಾಗ ಕಸ್ಟಮ್ಸ್ ಜೊತೆ ಜಗಳ. ಕೈಟ್ ಹಾರಿಸುವ ಊರಲ್ಲಿ ಕೈಟ್ ಹೊಲಿಯುವವರು ಇದ್ದೇ ಇರುತ್ತಾರೆ. ಬೆಂಗಳೂರಲ್ಲಿ ಹುಡುಕಬೇಡಿ, ಸಮುದ್ರದ ಹತ್ತಿರ ಹುಡುಕಿ.

ದರ ಕೇಳುವುದಕ್ಕೆ ಮುಂಚೆ ಅವರು ನಿಮಗೆ ಏನು ಕೇಳುತ್ತಾರೆ ಗಮನಿಸಿ. ಯಾವ ಕಂಪನಿ, ಯಾವ ವರ್ಷ, ಸೀಳು ಹೊಲಿಗೆ ಮುಟ್ಟಿದೆಯಾ, ಎರಡೂ ಕಡೆ ಸ್ಕೇಲ್ ಇಟ್ಟು ಫೋಟೋ ಕಳಿಸಿ, ಹೀಗೆಲ್ಲ ತಲೆ ತಿಂದರೆ ಕೊಡಿ. "ತನ್ನಿ ಸಾರ್ ಮಾಡೋಣ" ಅಂದರೆ ಬೇಡ. ಸೀಳು ಹೆಬ್ಬೆರಳುದ್ದ ಇದ್ದು, ಬಟ್ಟೆಯ ನಡುವೆ ಇದ್ದು, ಯಾವ ಹೊಲಿಗೆಯನ್ನೂ ಮುಟ್ಟದೆ ಇದ್ದಿದ್ದರೆ ಅಂಟಿಸುವ ರಿಪ್‌ಸ್ಟಾಪ್ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಎರಡೂ ಕಡೆ ಹಾಕಿ ಅಂತಿದ್ದೆ. ನಿಮ್ಮದು 40, ಆ ಮಾತೇ ಇಲ್ಲ.

ಇನ್ನೊಂದು. ನಿಮ್ಮ ಸ್ನೇಹಿತರ ಪ್ಯಾರಾಗ್ಲೈಡರನ್ನೂ ಜೊತೆಗೇ ಕೊಡೋಣ ಅಂತ ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಬೇಡ. ಕೈಟ್ ಕೆಟ್ಟರೆ ನೀರಿಗೆ ಬೀಳುತ್ತೀರಿ, ಅದು ಕೆಟ್ಟರೆ ಬೀಳುವುದು ಎಲ್ಲಿಗೆ ಅಂತ ಹೇಳಬೇಕಾ? ಅದರ ಬಟ್ಟೆಯಲ್ಲಿ ಗಾಳಿ ಎಷ್ಟು ಸೋರುತ್ತದೆ ಅಂತ ಮೀಟರ್ ಇಟ್ಟು ನೋಡಬೇಕು, ಒಂದೊಂದು ದಾರದ ಉದ್ದ ಅಳೆಯಬೇಕು. ಅದನ್ನು ಮಾಡುವವರೇ ಬೇರೆ.

ನಿಮ್ಮ ಕೈಟ್ ವಿಷಯಕ್ಕೆ ಬಂದರೆ, ಮೊದಲು ಸಿಹಿನೀರಲ್ಲಿ ತೊಳೆದು ಮರಳು, ಉಪ್ಪು ತೆಗೆದು ನೆರಳಲ್ಲಿ ಒಣಗಿಸಿ. ಸೋಪಿನ ಪುಡಿ ಬೇಡ. ಆಮೇಲೆ ಟ್ಯೂಬುಗಳ ನಡುವಿನ ಪೈಪ್ ಬಿಚ್ಚಿ, ವಾಲ್ವುಗಳನ್ನು ಒಳಕ್ಕೆ ತಳ್ಳಿ, ಬ್ಲ್ಯಾಡರಿನ ಎರಡೂ ತುದಿಗೆ ಉದ್ದನೆ ದಾರ ಕಟ್ಟಿ, ಆಮೇಲೆ ಎಳೆಯಿರಿ. ಬ್ಲ್ಯಾಡರ್ ಹೊರಗೆ ಬಂದ ಮೇಲೆ ಅದನ್ನು ದಾರದಿಂದ ಬಿಚ್ಚಿ, ದಾರ ಟ್ಯೂಬಿನೊಳಗೇ ಇರಲಿ, ವಾಪಸ್ ಹಾಕುವಾಗ ಅದರಿಂದಲೇ ಎಳೆದುಕೊಳ್ಳಬಹುದು. ಹೊಲಿಯುವವರಿಗೆ ದಾರ ಇದೆ ಅಂತ ಹೇಳಿ, ಇಲ್ಲದಿದ್ದರೆ ಅದನ್ನೂ ಸೇರಿಸಿ ಹೊಲಿದಾರು. ಹಾಕುವಾಗ ಬ್ಲ್ಯಾಡರಿಗೆ ಮಗುವಿನ ಪೌಡರ್ ಬಳಿಯಿರಿ, ಜಾರುತ್ತದೆ. ಎಡ ಬಲ ಪೆನ್ನಲ್ಲಿ ಬರೆದಿಡಿ. ನಾನು ಬರೆದಿರಲಿಲ್ಲ, ಎರಡು ಸಲ ಹಾಕಿದೆ.

ಆ ಸೀಟ್ ಕವರ್ ಅಣ್ಣನ ಮೇಲೆ ನನಗೆ ಕೋಪ ಇಲ್ಲ. ಕತ್ತರಿಸಿ ತೆಗೆದ ಪಟ್ಟಿಯನ್ನು ಅವನಿಗೇ ಕೊಟ್ಟು ಒಂದು ಈರುಳ್ಳಿ ಚೀಲ ಮಾಡಿಸಿಕೊಂಡೆ, 40 ರೂಪಾಯಿ. ಅಡುಗೆಮನೆಯಲ್ಲಿ ನೇತಾಡುತ್ತಿದೆ, ಮೂರು ಕೆಜಿ ಹಿಡಿಯುತ್ತದೆ. ಅದರ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ.