ದೂರ ಓಟ, ದೂರ ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ನೌಕರಿ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ನಿಭಾಯಿಸಿಕೊಂಡು ಮ್ಯಾರಥಾನ್‌ಗೋ ಬ್ರೆವೆಗೋ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ತಯಾರಾಗುತ್ತಿರುವವರ ಪತ್ರಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕಿನಲ್ಲಿ ಕೆಲಸ. ಹಾಫ್ ಮ್ಯಾರಥಾನ್ 2 ಗಂಟೆ 10 ನಿಮಿಷದಲ್ಲಿ ಮುಗಿಸಿದ್ದೇನೆ, ಈಗ ಮೊದಲ ಪೂರ್ಣ ಮ್ಯಾರಥಾನ್‌ಗೆ ತಯಾರಿ. ವಾರಕ್ಕೆ ನಾಲ್ಕು ಬೆಳಿಗ್ಗೆ ಓಡುತ್ತೇನೆ, ಎಲ್ಲ ದಿನವೂ ಕಿಲೋಮೀಟರ್‌ಗೆ ಆರೂಕಾಲು ನಿಮಿಷದ ಆಸುಪಾಸು. ತಿಂಗಳುಗಳಾದರೂ ವೇಗ ಹೆಚ್ಚಿಲ್ಲ, ಮಧ್ಯಾಹ್ನ ಕೌಂಟರಿನಲ್ಲಿ ಕೂತರೆ ಕಣ್ಣು ಎಳೆಯುತ್ತದೆ. ಎಲ್ಲರೂ ‘ನಿಧಾನ ಓಡಿ’ ಅನ್ನುತ್ತಾರೆ. ಎಷ್ಟು ನಿಧಾನ?
— ಓದುಗರು, ದಾವಣಗೆರೆ

ಉತ್ತರ: ಹಾಫ್‌ಗೆ 2:10 ಎಂದರೆ ಕಿಲೋಮೀಟರ್‌ಗೆ 6 ನಿಮಿಷ 10 ಸೆಕೆಂಡ್. ನೀವು ಹೆಚ್ಚೂಕಡಿಮೆ ರೇಸಿನ ವೇಗದಲ್ಲೇ ವಾರಪೂರ್ತಿ ಓಡುತ್ತಿದ್ದೀರಿ. ಸುಸ್ತಿಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ನಿಮ್ಮ ಸುಲಭದ ಓಟ 7:00ರಿಂದ 7:30ರ ನಡುವೆ ಇರಲಿ. ನಿದ್ದೆಗೆಟ್ಟ ದಿನ, ಸೆಕೆಯ ದಿನ 7:45ಕ್ಕೆ ಇಳಿದರೂ ಸರಿಯೇ.

ವೇಗ ಸರಿಯಿದೆಯೇ ಎಂದು ತಿಳಿಯಲು ಮಾತಾಡಿ ನೋಡಿ. ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಹೇಳಿ ಮುಗಿಸಲು ಆಗಬೇಕು. ಮೂರು ಪದಕ್ಕೊಮ್ಮೆ ಉಸಿರೆಳೆದುಕೊಂಡರೆ ಜೋರಾಯಿತು ಎಂದರ್ಥ. ಕೈಗಡಿಯಾರದ ನಾಡಿಬಡಿತವನ್ನು ಪೂರ್ತಿ ನಂಬಬೇಡಿ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಬರೀ ಸರಾಸರಿ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಜೊತೆಗೆ ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಬಡಿತವೆಂದು ಓದಿಬಿಡುತ್ತದೆ. ಆರಾಮಾಗಿ ಮಾತಾಡಿಕೊಂಡು ಓಡುತ್ತಿರುವಾಗ 168 ಎಂದು ತೋರಿಸಿದರೆ ಅದು ಹೆಜ್ಜೆಯ ಲೆಕ್ಕವಿರಬಹುದು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಿ. ಆಗಲೂ ಹಾಗೇ ಇದ್ದರೆ ಎದೆಪಟ್ಟಿ ಕೊಳ್ಳಿ.

ನಿಧಾನದ ಓಟದಿಂದ ಏನು ಲಾಭ? ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ ಬೆಳೆಯುತ್ತದೆ. ದೇಹ ಕೂಡಿಟ್ಟುಕೊಳ್ಳುವ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು 400–500 ಗ್ರಾಂ ಮಾತ್ರ. ವೇಗ ಹೆಚ್ಚಿದಷ್ಟೂ ಅದು ಬೇಗ ಕರಗುತ್ತದೆ. 30 ಕಿ.ಮೀ. ದಾಟಿದ ಮೇಲೆ ಹಲವರ ಕಾಲು ಕಲ್ಲಾಗಲು ಅದೇ ದೊಡ್ಡ ಕಾರಣ.

ಹದಿನಾರು ವಾರ ಇಟ್ಟುಕೊಳ್ಳಿ. ಮಂಗಳವಾರ 8 ಕಿ.ಮೀ. ಸುಲಭ. ಗುರುವಾರ 10 ಕಿ.ಮೀ., ಅದರಲ್ಲಿ ನಡುವಿನ 5 ಮಾತ್ರ ಮ್ಯಾರಥಾನ್ ವೇಗದಲ್ಲಿ. ನಿಮಗೆ ಅದು 6:40–6:50. ಶನಿವಾರ 6 ಕಿ.ಮೀ. ಸುಲಭ, ಭಾನುವಾರ ಉದ್ದದ ಓಟ. ಉದ್ದದ ಓಟ 18ರಿಂದ ಶುರುವಾಗಲಿ, ವಾರಕ್ಕೆ 2 ಕಿ.ಮೀ. ಏರಲಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಯಲಿ. ಯಾವ ಭಾನುವಾರವೂ ಮೂರೂವರೆ ಗಂಟೆ ದಾಟಬೇಡಿ. ನಿಮ್ಮ ವೇಗದಲ್ಲಿ ಅದು 28–30 ಕಿ.ಮೀ. ಆಗುತ್ತದೆ, ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಓಡಿದರೆ ಬರುವ ಲಾಭಕ್ಕಿಂತ ಚೇತರಿಕೆಗೆ ತಗಲುವ ದಿನಗಳೇ ಜಾಸ್ತಿ. ಕೊನೆಯ ದೊಡ್ಡ ಓಟ ರೇಸಿಗೆ ಮೂರು ವಾರ ಮೊದಲು ಮುಗಿದಿರಲಿ.

ವರ್ಷಾಂತ್ಯದ ಲೆಕ್ಕಪತ್ರದ ಗಡಿಬಿಡಿಯಲ್ಲಿ ಗುರುವಾರ ತಪ್ಪಿದರೆ ತಪ್ಪಲಿ, ಅದನ್ನು ಶುಕ್ರವಾರಕ್ಕೆ ತುರುಕಬೇಡಿ. ಸಾಲ ತೀರಿಸುವವರ ಹಾಗೆ ಬಿಟ್ಟ ಕಿಲೋಮೀಟರ್‌ಗಳನ್ನು ತುಂಬಿಸಲು ಹೋಗಿ ಮೊಣಕಾಲು, ಹಿಮ್ಮಡಿ ಕೆಡಿಸಿಕೊಳ್ಳುವವರೇ ಹೆಚ್ಚು. ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಏಳುವುದಕ್ಕಿಂತ ಆ ದಿನದ ಓಟ ಬಿಡುವುದೇ ಮೇಲು. ಕಲಿತದ್ದನ್ನು ದೇಹ ಮೈಗೂಡಿಸಿಕೊಳ್ಳುವುದು ನಿದ್ದೆಯಲ್ಲಿ, ಅದನ್ನು ಕಡಿತ ಮಾಡಿದರೆ ಉಳಿದ ಯಾವ ಲೆಕ್ಕವೂ ಹೊಂದುವುದಿಲ್ಲ.

ಪ್ರಶ್ನೆ: ನಾನು 64 ಕೆ.ಜಿ., ಕಡಲ ಪಕ್ಕದ ರಸ್ತೆಯಲ್ಲಿ ಓಡುತ್ತೇನೆ. ಒಂದು ಗಂಟೆಯಲ್ಲಿ ಬಟ್ಟೆ ಹಿಂಡುವಷ್ಟು ಬೆವರು, ಒಣಗಿದ ಮೇಲೆ ಟೋಪಿಯಲ್ಲಿ ಬಿಳಿ ಉಪ್ಪಿನ ಗೆರೆ. 15 ಕಿ.ಮೀ. ದಾಟಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎಷ್ಟು ನೀರು, ಎಷ್ಟು ಉಪ್ಪು? ಎಳನೀರು ಸಾಕೇ? ಓಟಕ್ಕೆ ಮೊದಲು ನೋವಿನ ಮಾತ್ರೆ ನುಂಗುವ ಗೆಳೆಯರಿದ್ದಾರೆ, ಅದು ಸರಿಯೇ?
— ಓದುಗರು, ಮಂಗಳೂರು

ಉತ್ತರ: ಮಾತ್ರೆಯ ವಿಷಯ ಮೊದಲು: ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ನೀರಿಳಿದು ಬಿಸಿಯೇರಿದ ದೇಹದಲ್ಲಿ ಅದು ದೊಡ್ಡ ಅಪಾಯ. ಮಾತ್ರೆಯಿಲ್ಲದೆ ಓಡಲಾಗದಷ್ಟು ನೋವಿದ್ದರೆ ಆ ದಿನ ಓಡಬಾರದು.

ಬೆವರನ್ನು ಮನೆಯಲ್ಲೇ ಅಳೆಯಬಹುದು. ಓಟಕ್ಕೆ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಅಳತೆ ಗೊತ್ತಿರುವ ಬಾಟಲಿ ಒಯ್ಯಿರಿ. ಸರಿಯಾಗಿ ಒಂದು ಗಂಟೆ ಓಡಿ ಬಂದು, ಮೈ ಒರೆಸಿಕೊಂಡು, ಅದೇ ತಕ್ಕಡಿಯಲ್ಲಿ ಮತ್ತೆ ತೂಗಿ. 64.0 ಇದ್ದದ್ದು 62.9 ಆಗಿ, ನಡುವೆ 400 ಮಿ.ಲೀ. ಕುಡಿದಿದ್ದರೆ ಬೆವರು ಗಂಟೆಗೆ ಒಂದೂವರೆ ಲೀಟರ್. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆಯಿರಿ.

ಹೋದದ್ದನ್ನೆಲ್ಲ ಓಡುತ್ತಲೇ ತುಂಬಿಸಲು ಹೋಗಬೇಡಿ. ಓಡುವಾಗ ಹೆಚ್ಚಿನವರ ಹೊಟ್ಟೆ ಗಂಟೆಗೆ 600–800 ಮಿ.ಲೀ.ಗಿಂತ ಹೆಚ್ಚು ತಾಳದು. ಓಟದ ಕೊನೆಗೆ ತೂಕ ಶೇ 2ರಷ್ಟು, ನಿಮಗೆ 1.3 ಕೆ.ಜಿ.ಯಷ್ಟು ಇಳಿದರೆ ಚಿಂತೆಯಿಲ್ಲ. ಹೆದರಬೇಕಾದದ್ದು ತೂಕ ಏರಿದರೆ. ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ: ಬೆರಳು ಊದುತ್ತವೆ, ತಲೆನೋವು, ವಾಂತಿ, ಮಾತು ಗೊಂದಲ. ಆಗ ಇನ್ನಷ್ಟು ನೀರು ಕುಡಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ಗಂಟೆ ಮೀರಿದ ಓಟಕ್ಕೆ ಮನೆಯ ಪಾನೀಯ: 1 ಲೀಟರ್ ನೀರು, ಮಟ್ಟಸವಾಗಿ 10 ಟೀ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಇದರಲ್ಲಿ ಸಕ್ಕರೆ 40–50 ಗ್ರಾಂ, ಸೋಡಿಯಂ ಸುಮಾರು 600 ಮಿ.ಗ್ರಾಂ. ಸಕ್ಕರೆಯನ್ನು 80 ಗ್ರಾಂ ದಾಟಿಸಿದರೆ ಹೊಟ್ಟೆಯಲ್ಲಿ ನೀರು ಕುಲುಕುತ್ತ ನಿಂತುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂತ್ರದ ಓಆರ್‌ಎಸ್ ಇರುವುದು ಭೇದಿಗೆ. ಅದರಲ್ಲಿ ಉಪ್ಪು ಸಾಕಷ್ಟಿದೆ, ಗ್ಲೂಕೋಸ್ ಲೀಟರ್‌ಗೆ 13.5 ಗ್ರಾಂ ಮಾತ್ರ, ಹಾಗಾಗಿ ಓಟಕ್ಕೆ ಬೇಕಾದ ಶಕ್ತಿ ಅದರಿಂದ ಬಾರದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಬೆವರಿನಲ್ಲಿ ನಾವು ಕಳೆದುಕೊಳ್ಳುವ ಸೋಡಿಯಂ ಅದರಲ್ಲಿ ಕಡಿಮೆ. ಮನೆಗೆ ಬಂದು ಕುಡಿಯಿರಿ, ಜೊತೆಗೆ ಉಪ್ಪಿರುವ ತಿಂಡಿ ತಿನ್ನಿ.

ಮೀನಖಂಡ ಹಿಡಿಯುವುದಕ್ಕೆ ಉಪ್ಪೊಂದೇ ಕಾರಣವಲ್ಲ. ಅಭ್ಯಾಸವಿಲ್ಲದ ವೇಗದಲ್ಲಿ ದಣಿದ ಸ್ನಾಯು ಹಿಡಿದುಕೊಳ್ಳುವುದೇ ಹೆಚ್ಚು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆವಿಯಾಗದೆ ಹರಿದುಹೋಗುತ್ತದೆ, ಮೈ ತಣಿಯುವುದಿಲ್ಲ. ಬೆಂಗಳೂರಿನವರ ವೇಗದ ಪಟ್ಟಿ ನೋಡಿಕೊಂಡು ಮಂಗಳೂರಿನಲ್ಲಿ ಓಡಬೇಡಿ, ಕಿಲೋಮೀಟರ್‌ಗೆ 15–20 ಸೆಕೆಂಡ್ ನಿಧಾನಿಸಿ. ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ವಾರಕ್ಕೆ ಎರಡು ದಿನ, ಪ್ರತಿ ಕಾಲಿಗೂ 12ರಂತೆ ಮೂರು ಸುತ್ತು ಮಾಡಿ. ಹಿಡಿದುಕೊಂಡಾಗ ನಿಂತು, ಪಾದವನ್ನು ಮೇಲಕ್ಕೆ ಮಡಿಸಿ ಅರ್ಧ ನಿಮಿಷ ಎಳೆದು, ನಡೆದು, ಆಮೇಲೆ ಓಡಿ.

ಪ್ರಶ್ನೆ: 200 ಕಿ.ಮೀ. ಬ್ರೆವೆಯನ್ನು ಹನ್ನೆರಡೂವರೆ ಗಂಟೆಯಲ್ಲಿ ಮುಗಿಸಿದೆ, ಅದರಲ್ಲಿ ಮೂರು ಗಂಟೆ ನಿಂತೇ ಹೋಯಿತು. ಕಿರುಬೆರಳು, ಉಂಗುರದ ಬೆರಳು ಎರಡು ದಿನ ಜೋಮು ಹಿಡಿದಿದ್ದವು. ಒಂದೇ ಕಡೆ ಎರಡು ಸಲ ಪಂಕ್ಚರ್. ಮುಂದಿನದು 300, ರಾತ್ರಿಯೂ ತುಳಿಯಬೇಕು. ಏನು ಬದಲಿಸಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಸಮಯದ ಮಿತಿ ಗೊತ್ತಿರಲಿ: 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರಲ್ಲೇ. ಗಂಟೆಗೆ 20 ಕಿ.ಮೀ. ತುಳಿದರೆ 300ಕ್ಕೆ ಹದಿನೈದು ಗಂಟೆ, ಕೈಯಲ್ಲಿ ಉಳಿಯುವುದು ಐದು. ಹೊಸಬರು ಸೋಲುವುದು ತುಳಿತದಲ್ಲಲ್ಲ, ಹೋಟೆಲಿನ ಬೆಂಚಿನಲ್ಲಿ. ಒಂದು ಊಟಕ್ಕೆ 30 ನಿಮಿಷ, ಉಳಿದ ನಿಲುಗಡೆಗೆ 10 ನಿಮಿಷ ಎಂದು ಮೊದಲೇ ನಿಗದಿ ಮಾಡಿ. ಕಂಟ್ರೋಲ್‌ನಲ್ಲಿ (ದಾರಿಯ ತಪಾಸಣೆಯ ಜಾಗ) ಮೊದಲು ಬ್ರೆವೆ ಕಾರ್ಡಿನಲ್ಲಿ ದಾಖಲು ಮಾಡಿಸುವ ಕೆಲಸ, ಆಮೇಲೆ ನೀರು, ಆಮೇಲೆ ಚಹಾ.

ಜೋಮಿಗೆ ಕಾರಣ ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗುವುದು. ಕೈಗವಸು ಕೊಳ್ಳುವ ಮೊದಲು ಸೀಟು ನೋಡಿ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಮೇಲೆ ಬೀಳುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಿ. ಆಮೇಲೂ ಉಳಿದರೆ ಹ್ಯಾಂಡಲ್ ಒಂದು ಸೆಂಟಿಮೀಟರ್ ಏರಿಸಿ, ಅಥವಾ 100 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಬದಲು 80ರದ್ದು ಹಾಕಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. 28 ಮಿ.ಮೀ. ಟೈರಿಗೆ 100 ಪಿಎಸ್‌ಐ ತುಂಬಿಸುವ ರೂಢಿ ಬಿಡಿ. 70 ಕೆ.ಜಿ. ಸವಾರರಿಗೆ ಮುಂದೆ 70, ಹಿಂದೆ 75 ಸಾಕು, ರಸ್ತೆಯ ನಡುಕ ಕೈಗೆ ಕಡಿಮೆ ಬರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಜೋಮು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಒಂದೇ ಕಡೆ ಎರಡು ಪಂಕ್ಚರ್ ಎಂದರೆ ಚುಚ್ಚಿದ್ದು ಟೈರಿನಲ್ಲೇ ಉಳಿದಿದೆ. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರುಗಳ ಕೂದಲೆಳೆಯಂಥ ತಂತಿ ಬಿದ್ದಿರುತ್ತದೆ, ಕಣ್ಣಿಗೆ ಕಾಣದು. ಟೈರ್ ಹಾಕುವಾಗಲೇ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಪಂಕ್ಚರ್ ಆದಾಗ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರವೆಂದು ಅಳೆದು, ಟೈರಿನಲ್ಲಿ ಅದೇ ಜಾಗ ಪರೀಕ್ಷಿಸಿ. ಒಳಗೆ ಹತ್ತಿಯ ಚೂರು ಸವರಿದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಚಿಮುಟದಲ್ಲಿ ಕಿತ್ತು ಆಮೇಲೆ ಹೊಸ ಟ್ಯೂಬ್. ಎರಡು ಟ್ಯೂಬ್, ಪ್ಯಾಚು, ಪಂಪು, ಚಿಮುಟ ಚೀಲದಲ್ಲಿರಲಿ.

ರಾತ್ರಿಗೆ ಮುಂದೆ ಎರಡು ದೀಪ, ಹಿಂದೆ ಮಿನುಗದ ಕೆಂಪು ದೀಪ, ಪ್ರತಿಫಲಿಸುವ ಜಾಕೆಟ್. ದೀಪವನ್ನು ನೀವು ಬಳಸುವ ಪ್ರಖರತೆಯಲ್ಲೇ ಮನೆಯಲ್ಲಿ ಉರಿಸಿ, ಎಷ್ಟು ಗಂಟೆ ಬರುತ್ತದೆ ನೋಡಿ, ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಹೊರಡಬೇಡಿ. ಹಸಿವಾಗುವ ತನಕ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ತಿನ್ನಿ. ಗಂಟೆಗೆ 50–60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ. ಒಂದು ಬಾಳೆಹಣ್ಣು ಸುಮಾರು 25 ಗ್ರಾಂ, ಎರಡು ಇಡ್ಲಿ ಹತ್ತಿರಹತ್ತಿರ ಅಷ್ಟೇ, ಉಳಿದದ್ದಕ್ಕೆ ಖರ್ಜೂರ. ಕರಿದ ಮಿರ್ಚಿಯ ಆಸೆ ಮುಗಿಸಿದ ಮೇಲೆ ತೀರಿಸಿಕೊಳ್ಳಿ, ಎಣ್ಣೆ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ.

ಪ್ರಶ್ನೆ: 34 ವರ್ಷದ ಗೃಹಿಣಿ, ಸಸ್ಯಾಹಾರಿ. ಹತ್ತು ಕಿ.ಮೀ. ಸಲೀಸಾಗಿ ಓಡುತ್ತಿದ್ದವಳಿಗೆ ಈಗ ಐದಕ್ಕೇ ಏದುಸಿರು. ಹಿಮೋಗ್ಲೋಬಿನ್ 12.2, ‘ನಾರ್ಮಲ್’ ಅಂದರು. ಮನೆಯವರು ಓಟ ನಿಲ್ಲಿಸು ಅನ್ನುತ್ತಾರೆ.
— ಓದುಗರು, ಮೈಸೂರು

ಉತ್ತರ: ಓಟವನ್ನು ದೂರುವ ಮೊದಲು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಹಿಮೋಗ್ಲೋಬಿನ್ 12ರ ಗೆರೆಯ ಮೇಲಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎಂದೇ ನೋಡುತ್ತಾರೆ. ಜ್ವರ ಬಂದುಹೋದ ವಾರ ಮಾಡಿಸಬೇಡಿ, ಉರಿಯೂತವಿದ್ದಾಗ ಫೆರಿಟಿನ್ ಸುಳ್ಳೇ ಹೆಚ್ಚು ತೋರಿಸುತ್ತದೆ. ಥೈರಾಯ್ಡ್, ವಿಟಮಿನ್ ಬಿ12 ಜೊತೆಗೇ ಆಗಲಿ. ಮಾತ್ರೆಯ ಪ್ರಮಾಣ ವೈದ್ಯರಿಗೆ ಬಿಡಿ, ಅಂಗಡಿಯಿಂದ ನೇರ ತಂದು ನುಂಗಬೇಡಿ. ಏದುಸಿರಿನ ಜೊತೆ ಎದೆನೋವು ಅಥವಾ ತಲೆಸುತ್ತು ಇದ್ದರೆ ಓಟ ನಿಲ್ಲಿಸಿ, ಅಂದೇ ವೈದ್ಯರ ಹತ್ತಿರ ಹೋಗಿ.

ಅಡುಗೆಮನೆಯಲ್ಲಿ ಮಾಡಬಹುದಾದದ್ದು: ಊಟದ ಜೊತೆ ಕಾಫಿ, ಟೀ ಬೇಡ, ಒಂದು ಗಂಟೆಯಾದರೂ ಅಂತರವಿರಲಿ. ಸೊಪ್ಪು, ಹುರುಳಿ, ಕಾಳಿನ ಸಾರಿಗೆ ಬಡಿಸುವಾಗ ನಿಂಬೆ ಹಿಂಡಿ. ಕಾಳುಗಳನ್ನು ಮೊಳಕೆ ಕಟ್ಟಿ ಬಳಸಿ. ಇನ್ನೊಂದು ಮಾತು ನೇರವಾಗಿಯೇ ಕೇಳಬೇಕು: ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುತ್ತಿದ್ದೀರಾ? ಓಡುವವರಿಗೆ ಅದು ಸಾಲದು. ಓಟದಿಂದ ಬಂದ ಮುಕ್ಕಾಲು ಗಂಟೆಯೊಳಗೆ ನಿಮ್ಮ ತಟ್ಟೆ ಮೊದಲು ಬರಲಿ. ಮುಟ್ಟು ಏರುಪೇರಾಗಿದ್ದರೆ ಅಥವಾ ನಿಂತಿದ್ದರೆ ದೇಹಕ್ಕೆ ಸಿಗುವ ಆಹಾರ ಸಾಲುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ಮೂಳೆ ಸವೆಯುವ ಮೊದಲೇ ವೈದ್ಯರಿಗೆ ಹೇಳಿ.

ಪ್ರಶ್ನೆ: ಬೆಳಗಿನ ಐದಕ್ಕೆ ಬೀದಿನಾಯಿಗಳ ಕಾಟ. ಕೋಲು ಹಿಡಿದು ಓಡಲೇ?
— ಓದುಗರು, ತುಮಕೂರು

ಉತ್ತರ: ಕೋಲು ಬೀಸಿದರೆ ಇನ್ನಷ್ಟು ಕೆರಳುತ್ತವೆ. ನಾಯಿ ಅಟ್ಟಿಸುವುದು ಓಡುವುದನ್ನು, ಹಾಗಾಗಿ ಹತ್ತಿಪ್ಪತ್ತು ಮೀಟರ್ ಮುಂಚೆಯೇ ನಡಿಗೆಗಿಳಿಯಿರಿ. ಬೆನ್ನು ತೋರಿಸದೆ, ಕಣ್ಣಲ್ಲಿ ಕಣ್ಣಿಡದೆ ಪಕ್ಕಕ್ಕೆ ಸರಿದು ದಾಟಿ. ಸೈಕಲ್ಲಾದರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಮರಿ ಹಾಕಿದ ನಾಯಿಯಿರುವ ಬೀದಿಯನ್ನು ಎರಡು ತಿಂಗಳು ಬಿಟ್ಟುಬಿಡಿ. ಕಚ್ಚಿದರೆ, ಹಲ್ಲು ತರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನನ್ನೂ ಹಚ್ಚದೆ ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು, ನೀವೇ ಕೇಳಿ ಹಾಕಿಸಿಕೊಳ್ಳಿ. ಚರ್ಮದೊಳಗೆ ಕೊಡುವ ಲಸಿಕೆ ಮೊದಲ ದಿನ (ಅದನ್ನು 0 ಎಂದು ಎಣಿಸಿ), ಆಮೇಲೆ 3, 7, 28ನೇ ದಿನ. ಭಾನುವಾರದ ಉದ್ದದ ಓಟ ತಪ್ಪಿದರೂ ಈ ತಾರೀಖು ತಪ್ಪಬಾರದು.